ಹಳೆಯ ಟಿವಿ ಧಾರಾವಾಹಿಗಳ ಮರುಬಿಡುಗಡೆಗೆ ಹಾಡುಗಳ ಹಕ್ಕು ಅಡ್ಡಿಯಾಗುವುದು ಏಕೆ?

ಕೇಬಲ್‌ನಲ್ಲಿ ನೋಡಿ ಮೆಚ್ಚಿದ್ದ, 1988ರಿಂದ 1993ರವರೆಗೆ ಪ್ರಸಾರವಾದ ಅಮೆರಿಕದ 'ದಿ ವಂಡರ್ ಇಯರ್ಸ್' ಧಾರಾವಾಹಿಯ ಪೂರ್ಣ ಡಿವಿಡಿ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿದದ್ದು ಏಕೆ, ನಿರ್ಮಾಪಕರೇ ಒಡೆಯರಾಗಿರುವಾಗ ತಡೆದವರು ಯಾರು ಎಂದು ತಾವು ಕೇಳಿದ್ದೀರಿ. ಧಾರಾವಾಹಿಗೆ ನಿರ್ಮಾಪಕರು ಒಡೆಯರು ನಿಜ, ಆದರೆ ಅದರಲ್ಲಿ ಕೇಳಿಬರುವ ಹಾಡುಗಳಿಗೆ ಅವರು ಬಾಡಿಗೆದಾರರು ಮಾತ್ರ. ಆ ಕಾಲದ ಕರಾರುಗಳನ್ನು ಸಾಮಾನ್ಯವಾಗಿ ಟಿವಿ ಪ್ರಸಾರಕ್ಕೆಂದೇ, ಅದೂ ಕೆಲವು ವರ್ಷಗಳ ಅವಧಿಗೆ ಬರೆಯುತ್ತಿದ್ದರು. ಮನೆಮನೆಗೆ ಡಿಸ್ಕ್ ಮಾರುವ ಯೋಚನೆ ಯಾರಿಗೂ ಇರಲಿಲ್ಲ, ಇದ್ದರೂ ಅದಕ್ಕಾಗಿ ಮೊದಲೇ ಹೆಚ್ಚಿನ ಹಣ ತೆರಲು ಯಾರೂ ಸಿದ್ಧರಿರಲಿಲ್ಲ.

ಒಂದೊಂದು ಹಾಡಿಗೂ ಎರಡು ಒಪ್ಪಿಗೆ ಬೇಕಾಗುತ್ತದೆ ಎಂಬುದು ಇನ್ನೊಂದು ತೊಡಕು. ತಾವು ಹೇಳಿದ ಧಾರಾವಾಹಿಯ ಶೀರ್ಷಿಕೆ ಗೀತೆಯನ್ನೇ ನೋಡಿ: ರಚನೆ ಬೀಟಲ್ಸ್ ಎಂಬ ಬ್ರಿಟಿಷ್ ವಾದ್ಯವೃಂದದ ಲೆನನ್ ಮತ್ತು ಮೆಕಾರ್ಟ್ನಿಯವರದು, ದನಿ ಗಾಯಕ ಜೋ ಕಾಕರ್ ಅವರದು. ರಚನೆಯ ಹಕ್ಕುದಾರರು ಒಪ್ಪಿ, ಧ್ವನಿಮುದ್ರಣದ ಕಂಪನಿ ಒಪ್ಪದಿದ್ದರೆ ಆ ಹಾಡನ್ನು ಬಳಸುವಂತಿಲ್ಲ. ನಾನು ವಿರಾಜಪೇಟೆಯಲ್ಲಿ ಮದುವೆಗಳ ವಿಡಿಯೊ ಮಾಡುವವನಾದ್ದರಿಂದ ಇದೇ ವ್ಯತ್ಯಾಸವನ್ನು ಸಣ್ಣ ಪ್ರಮಾಣದಲ್ಲಿ ಆಗಾಗ ಕಾಣುತ್ತೇನೆ. ಕೊಡವರ ಮದುವೆಯಲ್ಲಿ ಗಂಗಾಪೂಜೆ ಮುಗಿಸಿ ನೀರು ಹೊತ್ತು ಬರುವ ಮದುಮಗಳಿಗೆ ದಾರಿ ಬಿಡದೆ ನೆಂಟರು ಕುಣಿಯುವಾಗ ಊದುವ ವಾಲಗದ ಧಾಟಿ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಸ್ಥಳದಲ್ಲಿ ಹಿಡಿದ ದನಿ ಚೆನ್ನಾಗಿಲ್ಲವೆಂದು ಅದೇ ವಾಲಗವನ್ನು ಯಾವುದೋ ಕಂಪನಿಯ ಸಿ.ಡಿ.ಯಿಂದ ತೆಗೆದು ಸೇರಿಸಿ ಅಂತರ್ಜಾಲಕ್ಕೆ ಏರಿಸಿದರೆ, ಧಾಟಿ ಹಳೆಯದಾದರೂ ಆ ಮುದ್ರಣ ತಮ್ಮದೆಂದು ಕಂಪನಿಯವರು ತಕರಾರು ಎತ್ತಬಹುದು.

ಒಪ್ಪಿಗೆ ಸಿಗದ ಹಾಡನ್ನು ಕಿತ್ತು ಬೇರೆಯದನ್ನು ಹಾಕಬಾರದೇ ಎಂದರೆ, ಹಾಕುತ್ತಾರೆ, ಆದರೆ ಅದು ಸುಲಭವಲ್ಲ. ಸಂಭಾಷಣೆ, ಸದ್ದು, ಸಂಗೀತಗಳನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಉಳಿಸಿಕೊಂಡಿದ್ದರೆ ಸರಿ. ಎಲ್ಲವೂ ಒಂದೇ ಟ್ರ್ಯಾಕ್‌ನಲ್ಲಿ ಬೆರೆತಿದ್ದರೆ ಹಾಡಿನ ಜೊತೆಗೆ ಮಾತೂ ಹೋಗುತ್ತದೆ. ಮಂಟಪದ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಮೊಳಗುತ್ತಿರುವಾಗ ಅಜ್ಜಿ ಮೊಮ್ಮಗಳನ್ನು ಹರಸಿದ ಮಾತನ್ನು ಆ ಹಾಡಿನಿಂದ ಬಿಡಿಸಲು ಕುಳಿತವರಿಗೆ ಈ ಕಷ್ಟ ಗೊತ್ತು. ರೇಡಿಯೊ ಕೇಂದ್ರವೊಂದರಲ್ಲಿ ನಡೆಯುವ, 1978ರಿಂದ 1982ರವರೆಗೆ ಪ್ರಸಾರವಾದ 'ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ' ಎಂಬ ಅಮೆರಿಕದ ಹಾಸ್ಯ ಧಾರಾವಾಹಿಗೆ ಒದಗಿದ ಗತಿ ಇದೇ. 2007ರ ಡಿವಿಡಿಯಲ್ಲಿ ಮೂಲ ಹಾಡುಗಳ ಜಾಗದಲ್ಲಿ ಅನಾಮಧೇಯ ಸಂಗೀತ ತುಂಬಿದರು, ಕೆಲವು ದೃಶ್ಯಗಳಿಗೆ ಕತ್ತರಿಯನ್ನೂ ಹಾಕಿದರು. ಕೊನೆಗೆ 2014ರಲ್ಲಿ ಶೌಟ್ ಫ್ಯಾಕ್ಟರಿ ಎಂಬ ಸಂಸ್ಥೆ ಬಹುಪಾಲು ಮೂಲ ಹಾಡುಗಳೊಂದಿಗೆ ಅದನ್ನು ಹೊರತಂದಿತು. ಡಿ.ಜೆ. ಹಾಕುವ ಹಾಡೇ ಕಥೆಯ ಜೀವವಾಗಿರುವ ಧಾರಾವಾಹಿಯನ್ನು ಹಾಗೆ ಬಿಡುಗಡೆ ಮಾಡುವುದಕ್ಕಿಂತ ಕಾಯುವುದೇ ಮೇಲಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಹಣದ ಲೆಕ್ಕದಲ್ಲಿ ಇನ್ನೂ ಒಂದು ಗಂಟಿದೆ. ಅನೇಕ ಕರಾರುಗಳಲ್ಲಿ 'ಮೋಸ್ಟ್ ಫೇವರ್ಡ್ ನೇಷನ್ಸ್' ಎಂಬ ಷರತ್ತು ಇರುತ್ತದೆ. ಒಬ್ಬ ಹಕ್ಕುದಾರರಿಗೆ ಹೆಚ್ಚು ಕೊಟ್ಟರೆ ಅದೇ ಷರತ್ತಿಗೆ ಸಹಿ ಹಾಕಿದ ಉಳಿದವರಿಗೂ ಅಷ್ಟೇ ಕೊಡಬೇಕು. ಮುನ್ನೂರರಷ್ಟು ಹಾಡುಗಳಿದ್ದ 'ದಿ ವಂಡರ್ ಇಯರ್ಸ್'ನಂಥ ಧಾರಾವಾಹಿಯಲ್ಲಿ ಒಬ್ಬರು ಪಟ್ಟು ಹಿಡಿದರೂ ಇಡೀ ಲೆಕ್ಕ ಏರುಪೇರಾಗಬಹುದು. ಮಾರಾಟದಿಂದ ಬರುವ ಹಣ ಅಷ್ಟಕ್ಕೆ ಸಾಲದೆಂದು ಕಂಡರೆ ಕಂಪನಿಗಳು ಕಡತ ಮುಚ್ಚಿಡುತ್ತವೆ.

ನಮ್ಮಲ್ಲಿ 'ಮಾಲ್ಗುಡಿ ಡೇಸ್' ಮೊದಲಾದ ಧಾರಾವಾಹಿಗಳಿಗೆ ಈ ತೊಂದರೆ ಅಷ್ಟಾಗಿ ತಟ್ಟಲಿಲ್ಲ, ಏಕೆಂದರೆ ಎಲ್. ವೈದ್ಯನಾಥನ್ ಅವರ ಆ ಸಂಗೀತವನ್ನು ಧಾರಾವಾಹಿಗೆಂದೇ ಸಂಯೋಜಿಸಲಾಗಿತ್ತು. ಸಿನಿಮಾ ಹಾಡುಗಳನ್ನೇ ನೆಚ್ಚಿಕೊಂಡಿದ್ದ ಕಾರ್ಯಕ್ರಮಗಳ ಮಾತು ಬೇರೆ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೇ ಭಾವಿಸಬೇಕು. ಪತ್ರ ಬರೆಯುವಾಗ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಅದರಲ್ಲಿ ಹೆಸರಿಸದಿದ್ದರೆ ವರ್ಗಾವಣೆ ಆ ಮಾಧ್ಯಮಕ್ಕೆ ಅನ್ವಯಿಸದು ಎಂಬ ಮಾತನ್ನು 2012ರ ತಿದ್ದುಪಡಿ ಸೇರಿಸಿತು.

ತಮ್ಮ ಧಾರಾವಾಹಿಯ ವಿಷಯಕ್ಕೆ ಬಂದರೆ, 2011ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಆವೃತ್ತಿಯಲ್ಲಿ ಕಾಕರ್ ಅವರ ದನಿ ಇರಲಿಲ್ಲ. 2014ರ ಡಿವಿಡಿ ಸಂಪುಟದಲ್ಲಿ ಅದೂ ಇದೆ, ಬಹುಪಾಲು ಮೂಲ ಹಾಡುಗಳೂ ಇವೆ. ಕೊಳ್ಳುವುದಾದರೆ ಆ ಸಂಪುಟವನ್ನೇ ಹುಡುಕಿ. ಆದರೆ ಡಿವಿಡಿಗಳು ಯಾವ ಪ್ರದೇಶದ ಪ್ಲೇಯರ್‌ಗಳಲ್ಲಿ ಓಡಬೇಕೆಂದು ಸೂಚಿಸುವ 'ರೀಜನ್' ಸಂಖ್ಯೆ ಇರುತ್ತದೆ: ಅಮೆರಿಕದ ಡಿಸ್ಕ್‌ಗಳು ಸಾಮಾನ್ಯವಾಗಿ ರೀಜನ್ 1ರವು, ಭಾರತದ್ದು ರೀಜನ್ 5. ಮನೆಯ ಪ್ಲೇಯರ್ ಎಲ್ಲ ರೀಜನ್‌ಗಳ ಡಿಸ್ಕ್ ಓದುತ್ತದೆಯೇ ಎಂದು ಮೊದಲು ನೋಡಿಕೊಂಡು ಹಣ ಕಳಿಸಿ.