ಹಬ್ಬಕ್ಕಾಗಿ ಕೊಂಡ ಹತ್ತು ಎಕರೆ

ಪ್ರಶ್ನೆ: ನನ್ನ ಮಗ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದ್ದಾನೆ. ಜೂನ್ 19ರಂದು ಅವನಿಗೆ ‘ಜೂನ್‌ಟೀನ್ತ್’ ಎಂಬ ರಜೆ ಇರುತ್ತದೆ. ಇದು 2021ರಲ್ಲಿ ಅಲ್ಲಿನ ಸರ್ಕಾರ ಆರಂಭಿಸಿದ ಹಬ್ಬವೆಂದು ಅವನು ಹೇಳುತ್ತಾನೆ. ಇಷ್ಟು ಹೊಸ ಹಬ್ಬಕ್ಕೆ ಊರೆಲ್ಲ ಸೇರುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಮಗ ಹೇಳಿದ ವರ್ಷ ರಜೆಯದು, ಹಬ್ಬದ್ದಲ್ಲ. 1865ರ ಜೂನ್ 19ರಂದು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳನ್ನು ಅಂತರ್ಯುದ್ಧದಲ್ಲಿ ಸೋಲಿಸಿದ ಕೇಂದ್ರ ಸರ್ಕಾರದ ಸೈನ್ಯದ ಜನರಲ್ ಗಾರ್ಡನ್ ಗ್ರ್ಯಾಂಜರ್ ಹೊರಡಿಸಿದ ಮೂರನೆಯ ಸಾಮಾನ್ಯ ಆದೇಶವು ಆ ರಾಜ್ಯದ ಸುಮಾರು 2,50,000 ಗುಲಾಮರು ಸ್ವತಂತ್ರರೆಂದು ಸಾರಿತು. ಮರುವರ್ಷದಿಂದಲೇ ಅಲ್ಲಿನ ಕಪ್ಪು ಜನ ಆ ದಿನವನ್ನು ಆಚರಿಸತೊಡಗಿದರು. ಕೇಂದ್ರ ಸರ್ಕಾರದ ರಜೆ ಬರುವ ಹೊತ್ತಿಗೆ ಹಬ್ಬಕ್ಕೆ ಒಂದೂವರೆ ಶತಮಾನ ದಾಟಿತ್ತು. ಅಷ್ಟೂ ಕಾಲ ಅದನ್ನು ಕೈಬಿಡದೆ ನಡೆಸಿದವರು ಚರ್ಚುಗಳ ಪಾದ್ರಿಗಳು, ಓಣಿಯ ಹಿರಿಯರು, ಮನೆಮನೆಗೆ ಹೋಗಿ ಚಂದಾ ಎತ್ತಿದ ಸಮಿತಿಗಳವರು.

ನಿಮ್ಮ ಮಗ ಇರುವ ಊರಿನಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. ಹ್ಯೂಸ್ಟನ್‌ನ ಥರ್ಡ್ ವಾರ್ಡ್ ಬಡಾವಣೆಯ ಇಮ್ಯಾನ್ಸಿಪೇಶನ್ ಪಾರ್ಕಿಗೆ ಒಮ್ಮೆ ಹೋಗಿ ಬರಲು ಅವನಿಗೆ ಹೇಳಿ. ಬಿಡುಗಡೆಯಾದವರ ಕೈಯಲ್ಲಿ ಆಗ ಹೊಲವಿರಲಿಲ್ಲ, ಮನೆಯಿರಲಿಲ್ಲ. ಹಬ್ಬ ಮಾಡಲು ನಿಲ್ಲುವ ಜಾಗವೂ ಇರಲಿಲ್ಲ. ಹೀಗಿರುವಾಗ 1872ರಲ್ಲಿ ಪಾದ್ರಿ ಜ್ಯಾಕ್ ಯೇಟ್ಸ್, ರಿಚರ್ಡ್ ಅಲೆನ್, ರಿಚರ್ಡ್ ಬ್ರಾಕ್, ಇಲಾಯಸ್ ಡಿಬಲ್ ಎಂಬ ನಾಲ್ವರು ಮುಂದೆ ನಿಂತು, ಎರಡು ಚರ್ಚುಗಳ ಜನರಿಂದ ಹಣ ಕೂಡಿಸಿ, ಜೂನ್ 19ರ ಆಚರಣೆಗೆಂದೇ ಹತ್ತು ಎಕರೆ ನೆಲ ಕೊಂಡರು. ಏಳು ವರ್ಷಗಳ ಹಿಂದಿನವರೆಗೆ ಇನ್ನೊಬ್ಬರ ಆಸ್ತಿಯ ಪಟ್ಟಿಯಲ್ಲಿ ದನಕರುಗಳ ಜೊತೆ ಹೆಸರು ಬರೆಸಿಕೊಳ್ಳುತ್ತಿದ್ದ ಜನ ತಮ್ಮದೇ ಹೆಸರಿನಲ್ಲಿ ನೆಲದ ಕಾಗದ ಮಾಡಿಸಿಕೊಂಡರೆಂಬುದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆ ಹತ್ತು ಎಕರೆ ಇಂದಿಗೂ ಉದ್ಯಾನವಾಗಿಯೇ ಉಳಿದಿದೆ. ಮುಂದೆ ಅದು ನಗರಾಡಳಿತದ ಸುಪರ್ದಿಗೆ ಬಂದರೂ, 1922ರಿಂದ 1940ರವರೆಗೆ ಹ್ಯೂಸ್ಟನ್‌ನಲ್ಲಿ ಕಪ್ಪು ಜನ ಕಾಲಿಡಬಹುದಾಗಿದ್ದ ಸಾರ್ವಜನಿಕ ಉದ್ಯಾನ ಅದೊಂದೇ ಆಗಿತ್ತು. ಪಕ್ಕದ ರಸ್ತೆಗೆ ಗುಲಾಮಗಿರಿಯ ಪರ ಹೋರಾಡಿದ ಪಡೆಯ ಸೈನಿಕನೊಬ್ಬನ ಹೆಸರಿತ್ತು. 2017ರಲ್ಲಿ ಅದು ಇಮ್ಯಾನ್ಸಿಪೇಶನ್ ಅವೆನ್ಯೂ ಆಯಿತು.

ಪ್ರಶ್ನೆ: ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದೇ ಗುಲಾಮರ ಬಿಡುಗಡೆ ಘೋಷಿಸಿದ್ದರಲ್ಲವೇ? ಸುದ್ದಿ ಮುಟ್ಟಲು ಎರಡೂವರೆ ವರ್ಷ ಹಿಡಿಯಿತೇ?
– ಓದುಗರು, ಮೈಸೂರು

ಉತ್ತರ: ತಡವಾದದ್ದು ಸುದ್ದಿಯಲ್ಲ, ಸೈನ್ಯ. ಟೆಕ್ಸಾಸ್‌ನ ಮಾಲೀಕರಿಗೆ ಘೋಷಣೆಯ ವಿಷಯ ಗೊತ್ತಿತ್ತು. ಅದನ್ನು ಜಾರಿಗೆ ತರುವವರು ಬಂದಿರಲಿಲ್ಲ, ಅಷ್ಟೇ. ಗ್ರ್ಯಾಂಜರ್ ಅವರ ಆದೇಶ ಕೂಡ ಪೂರ್ಣ ಉದಾರವಾಗಿರಲಿಲ್ಲ. ಹಳೆಯ ಒಡೆಯರಿಗೂ ಗುಲಾಮರಿಗೂ ಹಕ್ಕಿನಲ್ಲಿ ಸಂಪೂರ್ಣ ಸಮಾನತೆ ಇದೆಯೆಂದು ಹೇಳಿದ ಅದೇ ಕಾಗದವು, ಬಿಡುಗಡೆಯಾದವರು ಇದ್ದಲ್ಲಿಯೇ ಸದ್ದಿಲ್ಲದೆ ಉಳಿದು ಕೂಲಿಗೆ ದುಡಿಯಬೇಕೆಂದೂ, ಸೋಮಾರಿಗಳಾಗಿ ಕೂತರೆ ಯಾರೂ ಸಾಕುವುದಿಲ್ಲವೆಂದೂ ಎಚ್ಚರಿಸಿತು. ತಲೆಮಾರುಗಟ್ಟಲೆ ಪುಕ್ಕಟೆ ದುಡಿದವರಿಗೆ ಹೇಳಿದ ಮಾತಿದು. ಗುಲಾಮಗಿರಿಯನ್ನು ದೇಶದಾದ್ಯಂತ ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿ ಅಂಗೀಕೃತವಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಪ್ರಶ್ನೆ: ಇಂತಹ ಸ್ಥಳೀಯ ಹಬ್ಬ ನಡುವೆ ನಿಂತುಹೋಗಲಿಲ್ಲವೇ? ಸಂಘಟಕರು ಅದನ್ನು ಹೇಗೆ ಉಳಿಸಿಕೊಂಡರು?
– ಓದುಗರು, ಶಿವಮೊಗ್ಗ

ಉತ್ತರ: ಹಲವು ಕಡೆ ಕುಗ್ಗಿತು. ಕಾರಣಗಳಲ್ಲಿ ಒಂದು ಮತ್ತೆ ನೆಲವೇ. ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್‌ನಲ್ಲಿಯೂ ಕಪ್ಪು ಸಮುದಾಯದ ಸಂಘವೊಂದು 20ನೇ ಶತಮಾನದ ಆರಂಭದಲ್ಲಿ ಹಬ್ಬಕ್ಕಾಗಿ ಜಾಗ ಕೊಂಡಿತ್ತು. 1930ರ ದಶಕದ ಕೊನೆಯಲ್ಲಿ ವಸತಿ ಯೋಜನೆಗೆಂದು ಆ ಜಾಗವನ್ನು ಅವರ ಒಪ್ಪಿಗೆಯಿಲ್ಲದೆ ವಶಪಡಿಸಿಕೊಳ್ಳಲಾಯಿತು. ಕೆಲಸ ಹುಡುಕಿಕೊಂಡು ಉತ್ತರದ ನಗರಗಳಿಗೆ ಹೋದವರಿಗೆ ಜೂನ್ 19ರಂದು ಕಾರ್ಖಾನೆ ರಜೆ ಕೊಡುತ್ತಿರಲಿಲ್ಲ. ಆದರೂ ಅವರು ಹೋದಲ್ಲಿಗೆ ಹಬ್ಬವೂ ಹೋಯಿತು. 1968ರ ಜೂನ್ 19ರಂದು ವಾಷಿಂಗ್ಟನ್‌ನಲ್ಲಿ ಬಡವರ ಚಳವಳಿಯ ದೊಡ್ಡ ಸಭೆ ನಡೆಯಿತು. ಅಲ್ಲಿಂದ ಮರಳಿದವರು ತಮ್ಮ ತಮ್ಮ ಊರುಗಳಲ್ಲಿ ಆಚರಣೆಗೆ ಮತ್ತೆ ಜೀವ ಕೊಟ್ಟರು. ಮಿಲ್ವಾಕಿ ನಗರದಲ್ಲಿ ನಾರ್ತ್‌ಕಾಟ್ ನೇಬರ್‌ಹುಡ್ ಹೌಸ್ ಎಂಬ ಬಡಾವಣೆಯ ಸೇವಾಕೇಂದ್ರ 1971ರಲ್ಲಿ ಹಬ್ಬವನ್ನು ಕೈಗೆತ್ತಿಕೊಂಡಿತು. ಟೆಕ್ಸಾಸ್‌ನಲ್ಲಿ ಹ್ಯೂಸ್ಟನ್‌ನ ಶಾಸಕ ಅಲ್ ಎಡ್ವರ್ಡ್ಸ್ 1979ರಲ್ಲಿ ಮಸೂದೆ ತಂದು ಅದನ್ನು ರಾಜ್ಯದ ರಜೆಯಾಗಿಸಿದರು. ಅಂತಹ ರಜೆ ಘೋಷಿಸಿದ ಮೊದಲ ರಾಜ್ಯ ಅದೇ.

ಸಂಘಟಕರ ಕೆಲಸ ನಮ್ಮ ಊರಹಬ್ಬ ನಡೆಸುವವರಿಗೆ ಗೊತ್ತಿರುವಂಥದ್ದೇ: ಮೆರವಣಿಗೆಗೆ ಪೊಲೀಸರ ಅನುಮತಿ, ಶಾಮಿಯಾನ, ಕುಡಿಯುವ ನೀರು, ಮುಗಿದ ಮೇಲೆ ಕಸ ಗುಡಿಸುವುದು. ಹಿರಿಯರೊಬ್ಬರು ಎದ್ದು ನಿಂತು 1865ರ ಆ ಆದೇಶವನ್ನು ಗಟ್ಟಿಯಾಗಿ ಓದುವುದು ಹಲವು ಊರುಗಳಲ್ಲಿ ರೂಢಿ. ಊಟದಲ್ಲಿ ಕೆಂಪು ಬಣ್ಣ ಇರಲೇಬೇಕು. ಕೆಂಪು ಶರಬತ್ತು, ಕಲ್ಲಂಗಡಿ, ಕೆಂಪು ಕೇಕು ಮೇಜಿನ ಮೇಲೆ ಸಾಲಾಗಿರುತ್ತವೆ. ಹಿರೀಕರು ಸುರಿಸಿದ ರಕ್ತದ ನೆನಪು ಅದು ಎಂದು ಅಜ್ಜಿಯರು ಮಕ್ಕಳಿಗೆ ಹೇಳಿಕೊಡುತ್ತಾರೆ.

ಪ್ರಶ್ನೆ: ಈ ರಜೆಗಾಗಿ ನಡೆದ ವೃದ್ಧೆಯೊಬ್ಬರ ಬಗ್ಗೆ ಕೇಳಿದ್ದೇನೆ. ಅವರು ಯಾರು?
– ಓದುಗರು, ಬೆಂಗಳೂರು

ಉತ್ತರ: ಅವರು ಓಪಲ್ ಲೀ, ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದ ನಿವೃತ್ತ ಶಿಕ್ಷಕಿ. 1939ರಲ್ಲಿ ಅವರಿಗೆ ಹನ್ನೆರಡು ವರ್ಷ. ಬಿಳಿಯರೇ ಇದ್ದ ಬಡಾವಣೆಯಲ್ಲಿ ಅವರ ತಂದೆತಾಯಿ ಮನೆ ಕೊಂಡಿದ್ದರು. ಬಂದು ಕೆಲವೇ ದಿನಗಳಾಗಿರುವಾಗ, ಜೂನ್ 19ರಂದೇ, ಬಿಳಿಯರ ದೊಡ್ಡ ಗುಂಪು ನುಗ್ಗಿ ಆ ಮನೆಯನ್ನು ಧ್ವಂಸ ಮಾಡಿತು. ಮುಂದೆ ಅವರು ದಶಕಗಳ ಕಾಲ ಊರಿನ ಜೂನ್‌ಟೀನ್ತ್ ಹಬ್ಬದ ಸಂಘಟಕರಲ್ಲಿ ಒಬ್ಬರಾಗಿ ದುಡಿದರು. 2016ರಲ್ಲಿ, 89ರ ವಯಸ್ಸಿನಲ್ಲಿ, ರಾಷ್ಟ್ರೀಯ ರಜೆಗೆ ಒತ್ತಾಯಿಸಿ ವಾಷಿಂಗ್ಟನ್‌ನತ್ತ ನಡಿಗೆ ಆರಂಭಿಸಿದರು. ಬಿಡುಗಡೆ ತಡವಾದ ಎರಡೂವರೆ ವರ್ಷದ ಗುರುತಾಗಿ ಊರೂರಿನಲ್ಲಿ ಎರಡೂವರೆ ಮೈಲಿ ನಡೆದರು. 2021ರ ಜೂನ್ 17ರಂದು ಅಧ್ಯಕ್ಷ ಬೈಡನ್ ಕಾಯ್ದೆಗೆ ಸಹಿ ಹಾಕುವಾಗ ಅವರು ಅಲ್ಲಿಯೇ ಇದ್ದರು.

ಬಾಲ್ಯದ ಆ ನಿವೇಶನ ಈಗ ಯಾರದೆಂದು ಅವರು ಹುಡುಕಿಸಿದಾಗ, ಬಡವರಿಗೆ ಮನೆ ಕಟ್ಟಿಕೊಡುವ ಸೇವಾಸಂಸ್ಥೆಯೊಂದರ ಕೈಯಲ್ಲಿರುವುದು ತಿಳಿಯಿತು. ಸಂಸ್ಥೆ ಅದನ್ನು ಅವರಿಗೇ ಮರಳಿಸಿ, ಅದರ ಮೇಲೆ ಮನೆಯನ್ನೂ ಕಟ್ಟಿಸಿತು. 2024ರ ಜೂನ್ ತಿಂಗಳಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ, ಅವರು ಆ ಮನೆಯ ಬೀಗದ ಕೈ ಪಡೆದರು.