ವಾಹನ ಪ್ರಶ್ನೋತ್ತರ: ಬಳಸಿದ ಟೈರು ನಿಜಕ್ಕೂ ಅಗ್ಗವೇ?

ಪ್ರಶ್ನೆ: ನನ್ನ ಕಾರಿನ ಮುಂದಿನ ಎಡ ಟೈರಿನ ಪಕ್ಕಕ್ಕೆ ಚೂಪಾದ ಕಲ್ಲು ತಗುಲಿ ಸೀಳು ಬಿದ್ದಿದೆ. ಇದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಉಳಿದ ಮೂರು ಟೈರುಗಳು ಸುಮಾರು ಅರ್ಧ ಸವೆದಿವೆ. ಅದೇ ಅಳತೆಯ, ನೋಡಲು ಚೆನ್ನಾಗಿಯೇ ಇರುವ ಬಳಸಿದ ಟೈರೊಂದು ಹೊಸದರ ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೆ?

ಉತ್ತರ: ಅಂಗಡಿಯವರು ಹೇಳಿದ್ದು ಸರಿಯಾಗಿದೆ. ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿ ಆದ ತೂತು ಸುಮಾರು 6 ಮಿಲಿಮೀಟರಿಗಿಂತ ದೊಡ್ಡದಾಗಿರದಿದ್ದರೆ ಅದನ್ನು ಒಳಗಿನಿಂದ ಮುಚ್ಚಿ ಸರಿಪಡಿಸಬಹುದು. ಪಕ್ಕದ ಗೋಡೆಯಾದರೋ ಚಕ್ರ ಒಂದೊಂದು ಸುತ್ತು ಉರುಳಿದಾಗಲೂ ಬಾಗಿ ನೇರವಾಗುತ್ತದೆ, ಗಾಡಿಯ ಭಾರವನ್ನು ಹೊರುವ ನೂಲಿನ ಎಳೆಗಳು ಅಲ್ಲಿಯೇ ಇರುತ್ತವೆ. ಆ ಎಳೆಗಳು ತುಂಡಾದ ಮೇಲೆ ಯಾವ ಪ್ಯಾಚೂ ಅಲ್ಲಿ ನಿಲ್ಲುವುದಿಲ್ಲ. ಆದುದರಿಂದ ಆ ಟೈರನ್ನು ಬದಲಿಸಲೇಬೇಕು.

ಇನ್ನು ಅರ್ಧ ಬೆಲೆಯ ಮಾತು. ಬಳಸಿದ ಟೈರು ಅಪಾಯಕಾರಿ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅದು ಲೆಕ್ಕದಲ್ಲಿಯೂ ದುಬಾರಿ ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಹೊಸ ಕಾರು ಟೈರಿನ ಟ್ರೆಡ್, ಅಂದರೆ ರಸ್ತೆಗೆ ತಾಗುವ ಭಾಗದ ಕಾಲುವೆಗಳ ವಿನ್ಯಾಸ, ಸಾಮಾನ್ಯವಾಗಿ 8 ಮಿಲಿಮೀಟರಿನಷ್ಟು ಆಳವಾಗಿರುತ್ತದೆ. ಅನೇಕ ದೇಶಗಳ ಕಾನೂನಿನ ಪ್ರಕಾರ ಅದು 1.6 ಮಿಲಿಮೀಟರಿಗೆ ಇಳಿಯುವವರೆಗೆ ಮಾತ್ರ ಟೈರನ್ನು ಓಡಿಸಬಹುದು. ಟ್ರೆಡ್ಡಿನ ಕಾಲುವೆಗಳ ತಳದಲ್ಲಿರುವ ಸಣ್ಣ ದಿಣ್ಣೆಗಳು ತೋರಿಸುವುದು ಈ ಮಿತಿಯನ್ನೇ. ಅಂದರೆ ಹೊಸ ಟೈರಿನಲ್ಲಿ ನೀವು ಕೊಳ್ಳುವುದು 6.4 ಮಿಲಿಮೀಟರ್ ಬಳಕೆ. ನಿಮಗೆ ತೋರಿಸಿದ ಟೈರಿನಲ್ಲಿ 4 ಮಿಲಿಮೀಟರ್ ಉಳಿದಿದ್ದರೆ ಅದರಲ್ಲಿ ಸಿಗುವುದು 2.4 ಮಾತ್ರ. ಅರ್ಧ ಹಣ ಕೊಟ್ಟು ಎಂಟರಲ್ಲಿ ಮೂರು ಪಾಲು ಪಡೆದಂತಾಯಿತು. ಮಳೆಯಲ್ಲಿ ಓಡಾಡುವವರು 3 ಮಿಲಿಮೀಟರಿಗೇ ಟೈರು ಬದಲಿಸುವುದು ಒಳ್ಳೆಯದೆಂದು ನಾನು ನಂಬುತ್ತೇನೆ, ಏಕೆಂದರೆ ಕಾಲುವೆಗಳ ಆಳ ಕಡಿಮೆಯಾದಂತೆ ನೀರನ್ನು ಹೊರದೂಡುವ ಶಕ್ತಿ ಕುಂದಿ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತಾ ಹೋಗುತ್ತದೆ, ವೇಗ ಹೆಚ್ಚಿದ್ದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆಯೇ ತೇಲಿಬಿಡುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಹೊಸದರಲ್ಲಿ 5 ಮಿಲಿಮೀಟರ್, ಹಳೆಯದರಲ್ಲಿ 1 ಮಿಲಿಮೀಟರ್ ಬಳಕೆ ಸಿಗುತ್ತದೆ. ಅರ್ಧ ಬೆಲೆಗೆ ಐದನೆಯ ಒಂದು ಪಾಲು. ಟೈರು ಕೂರಿಸುವ ಮತ್ತು ವೀಲ್ ಬ್ಯಾಲೆನ್ಸಿಂಗ್ ಮಾಡಿಸುವ ಖರ್ಚು ಬೇಗನೆ ಮತ್ತೊಮ್ಮೆ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಟ್ರೆಡ್ ಬಹಳ ಉಳಿದಿದ್ದರೆ? ಆಗ ವಯಸ್ಸನ್ನು ನೋಡಬೇಕು. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರವನ್ನೂ ವರ್ಷವನ್ನೂ ಹೇಳುತ್ತವೆ: 3521 ಎಂದಿದ್ದರೆ 2021ನೆಯ ಇಸವಿಯ 35ನೆಯ ವಾರ. ಪೂರ್ತಿ ಸಂಕೇತ ಹಲವು ಟೈರುಗಳ ಒಂದೇ ಪಕ್ಕದಲ್ಲಿರುವುದರಿಂದ ಎರಡೂ ಕಡೆ ಹುಡುಕಬೇಕು. ಅಲ್ಲಿ ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಅದನ್ನು ಮುಟ್ಟಲೂ ಬೇಡಿ; ಅಂಕಿಗಳನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಗಾಳಿಯ ಆಮ್ಲಜನಕ, ಓಜೋನ್ ಮತ್ತು ಬಿಸಿಲಿನ ಕಾವು ರಬ್ಬರನ್ನು ನಿಧಾನವಾಗಿ ಗಡುಸಾಗಿಸುತ್ತವೆ. ಟೈರು ಓಡದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಟ್ರೆಡ್ ಎಷ್ಟೇ ಇದ್ದರೂ 6 ವರ್ಷಕ್ಕೆ ಟೈರು ಬದಲಿಸಬೇಕೆಂದು ಹಲವು ವಾಹನ ತಯಾರಕರು ಸೂಚಿಸುತ್ತಾರೆ, ಹಲವು ಟೈರು ತಯಾರಕರು 10 ವರ್ಷವನ್ನು ಕಟ್ಟಕಡೆಯ ಮಿತಿಯೆನ್ನುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಹೊರಗಿನಿಂದ ಕಾಣದ ದೋಷ. ಹಿಂದಿನ ಮಾಲೀಕರು ಗಾಳಿ ಕಡಿಮೆಯಿದ್ದಾಗಲೂ ಆ ಟೈರನ್ನು ಓಡಿಸಿದ್ದರೆ ಪಕ್ಕದ ಗೋಡೆ ಅತಿಯಾಗಿ ಮಡಚಿ, ಕಾದು, ಒಳಗಿನ ಪದರ ತಾನೇ ತನ್ನನ್ನು ಉಜ್ಜಿಕೊಂಡಿರುತ್ತದೆ. ಅಂಥ ಟೈರನ್ನು ಕಪ್ಪು ಪಾಲಿಶ್ ಹಚ್ಚಿ ನಿಲ್ಲಿಸಿದರೆ ಹೊಸದರಂತೆಯೇ ಹೊಳೆಯುತ್ತದೆ, ಮುಂದೆ ಎಂದೋ ವೇಗವಾಗಿ ಹೋಗುತ್ತಿರುವಾಗ ಒಡೆಯುತ್ತದೆ. ಆದ್ದರಿಂದ ರಿಮ್ಮಿಗೆ ಹಾಕಿಟ್ಟಿರುವ ಬಳಸಿದ ಟೈರನ್ನು ಹಾಗೆಯೇ ಕೊಳ್ಳಲೇಬಾರದು. ಬಿಚ್ಚಿಸಿ, ಬೆಳಕು ಹಿಡಿದು ಒಳಗೆ ನೋಡಿ: ಸುತ್ತಲೂ ಬಳೆಯಂತೆ ತೇದ ಗುರುತು, ಉದುರಿದ ರಬ್ಬರಿನ ಪುಡಿ, ಅಂಚಿನ ಹತ್ತಿರ ಹಾಕಿದ ಪ್ಯಾಚ್, ಇವುಗಳಲ್ಲಿ ಯಾವುದು ಕಂಡರೂ ಬೇಡ. ಹೊರಗೆ ಅಂಗೈಯಿಂದ ಸವರಿ ಉಬ್ಬು ಇದೆಯೇ ಎಂದು ಪರೀಕ್ಷಿಸಿ. ಉಬ್ಬಿದ್ದರೆ ಒಳಗಿನ ಎಳೆಗಳು ಹರಿದಿವೆ ಎಂದೇ ಅರ್ಥ. ಸವೆದ ಟೈರಿನ ಕಾಲುವೆಗಳನ್ನು ಕೊರೆದು ಆಳ ಮಾಡಿ ಮಾರುವ ಮೋಸವೂ ಇದೆ. ಹಾಗೆ ಕೊರೆದಲ್ಲಿ ಮೇಲೆ ಹೇಳಿದ ದಿಣ್ಣೆಗಳು ಮಾಯವಾಗಿರುತ್ತವೆ ಇಲ್ಲವೆ ಕತ್ತರಿಸಿ ಹೋಗಿರುತ್ತವೆ.

ಇಷ್ಟೆಲ್ಲ ಹೇಳಿದರೂ ನಿಮ್ಮ ವಿಷಯದಲ್ಲಿ ಹಳೆಯ ಟೈರಿನ ಪರವಾಗಿ ಒಂದು ನ್ಯಾಯವಾದ ವಾದವಿದೆ. ಒಂದೇ ಆಕ್ಸಲಿನ ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಅರ್ಧ ಸವೆದದ್ದು ಹಾಕಿದರೆ ಎರಡರ ಸುತ್ತಳತೆ ಬೇರೆಯಾಗಿ, ಹಿಡಿತವೂ ಬೇರೆಯಾಗಿ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗಳಲ್ಲಿ ಈ ವ್ಯತ್ಯಾಸ ಗೇರಿನ ಭಾಗಗಳನ್ನೇ ಹಾಳುಮಾಡಬಲ್ಲದು, ಅಂಥ ಗಾಡಿಗೆ ತಯಾರಕರ ಕೈಪಿಡಿ ಹೇಳುವ ಮಿತಿಯನ್ನು ಮೀರಲೇಬಾರದು. ಆದ್ದರಿಂದ ಅದೇ ಕಂಪನಿಯ, ಅದೇ ವಿನ್ಯಾಸದ, ನಿಮ್ಮ ಟೈರಿನಷ್ಟೇ ಸವೆದ, ಎರಡು ಮೂರು ವರ್ಷದೊಳಗಿನ ಟೈರು, ಯಾರ ಗಾಡಿಯಿಂದ ಏಕೆ ಬಿಚ್ಚಿದ್ದೆಂದು ನಿಮಗೆ ಗೊತ್ತಿದ್ದು ಸಿಕ್ಕರೆ (ಉದಾಹರಣೆಗೆ ದೊಡ್ಡ ರಿಮ್ ಹಾಕಿಸುವ ಸಲುವಾಗಿ ಪರಿಚಯದವರು ತೆಗೆದಿಟ್ಟದ್ದು) ಅದನ್ನು ಹಾಕಿಸುವುದರಲ್ಲಿ ತಪ್ಪಿಲ್ಲ. ಅಳತೆಯ ಪಕ್ಕದಲ್ಲಿರುವ ಅಂಕಿ ಮತ್ತು ಅಕ್ಷರವನ್ನು ಮಾತ್ರ ಮರೆಯಬೇಡಿ: 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗಕ್ಕೆ ತಕ್ಕದ್ದು. ನಿಮ್ಮ ಗಾಡಿಗೆ ಸೂಚಿಸಿದ್ದಕ್ಕಿಂತ ಇವೆರಡೂ ಕಡಿಮೆಯಿರಬಾರದು.

ಆದರೆ ನೀವು ಬರೆದಿರುವುದು ಅಂಥ ಟೈರಿನ ಬಗ್ಗೆ ಅಲ್ಲವೆಂದು ತೋರುತ್ತದೆ. ಅದರ ಪೂರ್ವಕಥೆ ನಿಮಗೆ ತಿಳಿದಿಲ್ಲ. ಅದನ್ನು ಬಿಡಿ. ಕೈಗೆಟುಕುವುದಾದರೆ ಎರಡು ಹೊಸ ಟೈರುಗಳನ್ನು ಕೊಂಡು ಎರಡನ್ನೂ ಹಿಂದಿನ ಚಕ್ರಗಳಿಗೆ ಹಾಕಿಸಿ, ಉಳಿದ ಮೂರರಲ್ಲಿ ಒಂದೇ ಸಮ ಸವೆದ ಎರಡನ್ನು ಮುಂದಕ್ಕೆ ತನ್ನಿ. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವ ಕಾರಾದರೂ ಹೊಸವು ಹಿಂದೆಯೇ ಇರಬೇಕು. ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಸ್ಟಿಯರಿಂಗ್ ಹಗುರಾದದ್ದು ಕೈಗೆ ತಿಳಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹಳ ಸಲ ಗಾಡಿ ಹಿಡಿತಕ್ಕೆ ಮರಳುತ್ತದೆ. ಹಿಂದಿನವು ಜಾರಿದರೆ ಮುನ್ಸೂಚನೆಯಿಲ್ಲದೆ ಗಾಡಿಯೇ ತಿರುಗಿ ನಿಲ್ಲುತ್ತದೆ.

ಪ್ರಶ್ನೆ: ಏಳು ವರ್ಷದ ನನ್ನ ಕಾರಿನ ಸ್ಟೆಪ್ನಿ ಒಮ್ಮೆಯೂ ರಸ್ತೆಗಿಳಿದಿಲ್ಲ. ಸವೆದ ಟೈರಿನ ಜಾಗಕ್ಕೆ ಅದನ್ನೇ ಹಾಕಿದರೆ ಹೊಸದರ ಖರ್ಚು ಉಳಿಯುವುದಿಲ್ಲವೆ?

ಉತ್ತರ: ಪಂಕ್ಚರ್ ಆದಾಗ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಅದು ಸಾಕು, ದಿನನಿತ್ಯದ ಓಡಾಟಕ್ಕೆ ಬೇಡ. ಅದರ ಟ್ರೆಡ್ ಪೂರ್ತಿಯಿದ್ದರೂ ರಬ್ಬರಿಗೆ ಏಳು ವರ್ಷ ತುಂಬಿದೆ. ಸ್ಟೆಪ್ನಿಯನ್ನು ಎರಡು ಮೂರು ವರ್ಷದೊಳಗೇ ಟೈರುಗಳ ಜಾಗ ಬದಲಿಸುವ ಸರದಿಗೆ ಸೇರಿಸಿಕೊಂಡು ಐದೂ ಟೈರುಗಳನ್ನು ಸಮವಾಗಿ ಸವೆಸಿದ್ದರೆ ಅದರ ಹಣ ವ್ಯರ್ಥವಾಗುತ್ತಿರಲಿಲ್ಲ. ಮುಂದಿನ ಸಲ ಹಾಗೆ ಮಾಡಿ. ಸ್ಟೆಪ್ನಿ ಇತರ ನಾಲ್ಕರ ಅಳತೆಯದೇ ಆಗಿದ್ದರೆ ಮಾತ್ರ ಇದು ಸಾಧ್ಯ.

ಪ್ರಶ್ನೆ: ಲಾರಿ, ಬಸ್ಸುಗಳು ರೀಸೋಲ್ ಮಾಡಿದ ಟೈರಿನಲ್ಲಿಯೇ ಓಡುತ್ತವಲ್ಲ, ಹಾಗಾದರೆ ಬಳಸಿದ ಟೈರಿಗೆ ಏಕಿಷ್ಟು ಭಯ?

ಉತ್ತರ: ವಿಮಾನಗಳ ಟೈರುಗಳಿಗೂ ಹೊಸ ಟ್ರೆಡ್ ಹಾಕಿ ಮತ್ತೆ ಬಳಸುತ್ತಾರೆ. ಸರಿಯಾದ ಕಾರ್ಖಾನೆಯಲ್ಲಿ ಟೈರಿನ ಒಡಲನ್ನು ಒಳಗೂ ಹೊರಗೂ ಪರೀಕ್ಷಿಸಿ, ದೋಷವಿದ್ದದ್ದನ್ನು ಬದಿಗಿಟ್ಟು, ಗಟ್ಟಿಯಾದದ್ದಕ್ಕೆ ಮಾತ್ರ ಹೊಸ ರಬ್ಬರ್ ಹಾಕಿ ಬೇಯಿಸುತ್ತಾರೆ. ಅದು ಎಷ್ಟು ಓಡಿದೆ, ಎಷ್ಟು ಸಲ ದುರಸ್ತಿಯಾಗಿದೆ ಎಂಬ ದಾಖಲೆಯನ್ನು ದೊಡ್ಡ ಸಾರಿಗೆ ಸಂಸ್ಥೆಗಳು ಇಟ್ಟಿರುತ್ತವೆ. ರಾಶಿಯಿಂದ ಎತ್ತಿ ಕೊಡುವ ಬಳಸಿದ ಟೈರಿಗೆ ಅಂಥ ಪರೀಕ್ಷೆಯೂ ಆಗಿರುವುದಿಲ್ಲ, ದಾಖಲೆಯೂ ಇರುವುದಿಲ್ಲ.