ಬೇಸ್‌ಮೆಂಟ್ ಗೋಡೆಗೆ 2.9 ಬಂದರೆ ಕಾಂಕ್ರೀಟ್ ಕೆಟ್ಟಿದೆಯೇ?

ಪ್ರಶ್ನೆ: ನಮ್ಮ ಹೊಸ ಕಟ್ಟಡದ ಬೇಸ್‌ಮೆಂಟಿನ ರಿಟೇನಿಂಗ್ ವಾಲ್‌ನಲ್ಲಿ (ಮಣ್ಣು ತಡೆಯುವ ಗೋಡೆ) ಬಿರುಕು ಕಂಡದ್ದರಿಂದ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿದೆವು. ಕಂಬಗಳಿಗೆ ಸೆಕೆಂಡಿಗೆ 4.1 ಕಿ.ಮೀ. ವೇಗ ಬಂತು, ಗೋಡೆಗೆ 2.9. ಗೋಡೆಯ ಕಾಂಕ್ರೀಟ್ ‘ಸಂದೇಹಾಸ್ಪದ’ ಎಂದು ವರದಿ ಬಂದಿದೆ. ಕಂಟ್ರಾಕ್ಟರು ಮಷೀನೇ ಸರಿಯಿಲ್ಲ ಅನ್ನುತ್ತಾರೆ. ಮೇಲ್ಮೈ ಅಲೆಗಳ ಪರೀಕ್ಷೆ ಅಂತ ಇನ್ನೊಂದಿದೆಯಂತೆ, ಅದನ್ನು ಮಾಡಿಸಬೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೋಡೆ ಒಡೆಸುವ ಮಾತು ಸದ್ಯಕ್ಕೆ ಬೇಡ. ಈ ಪರೀಕ್ಷೆಯಲ್ಲಿ ಒಂದು ಪ್ರೋಬ್ ಕಾಂಕ್ರೀಟಿನೊಳಗೆ ಶಬ್ದದ ಅಲೆ ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ಅವನ್ನು ಎಲ್ಲಿಟ್ಟು ಅಳೆದರು ಎಂದು ಮೊದಲು ವರದಿಯಲ್ಲಿ ನೋಡಿ. ಕಂಬಕ್ಕೆ ಎದುರುಬದುರು ಇಟ್ಟಿರುತ್ತಾರೆ. ಗೋಡೆಯ ಹಿಂದೆ ಮಣ್ಣಿರುವುದರಿಂದ ಎರಡನ್ನೂ ಒಂದೇ ಮುಖದ ಮೇಲೆ ಇಟ್ಟಿರಲೇಬೇಕು. ವೇಗ 4.5ರ ಮೇಲಿದ್ದರೆ ಅತ್ಯುತ್ತಮ, 3.5ರಿಂದ 4.5 ಒಳ್ಳೆಯದು, 3ಕ್ಕಿಂತ ಕಡಿಮೆಯಾದರೆ ಸಂದೇಹ ಎನ್ನುವ ಪಟ್ಟಿ 1992ರ ಭಾರತೀಯ ಮಾನಕ ಐಎಸ್ 13311ರದ್ದು. ಅದು ಎದುರುಬದುರು ಅಳತೆಗೆ ಮಾಡಿದ ಪಟ್ಟಿ. ಆ ಮಾನಕದ ಜಾಗಕ್ಕೆ 2018ರಲ್ಲಿ ಐಎಸ್ 516ರ 5ನೇ ಭಾಗ ಬಂದಿದೆ, ಹಳೆಯ ಪಟ್ಟಿ ಮಾತ್ರ ವರದಿಗಳನ್ನು ಬಿಟ್ಟು ಹೋಗಿಲ್ಲ.

ಒಂದೇ ಮುಖದಲ್ಲಿ ಅಳೆದಾಗ ವೇಗ ಕಡಿಮೆಯೇ ಬರುತ್ತದೆ. ಮೊದಲು ತಲುಪುವ ಸಂಕೇತ ತೀರಾ ಕ್ಷೀಣ, ಅದು ಹಾಯುವುದೂ ಹೊರಪದರದಲ್ಲೇ. ಅದರ ಹಿಂದೆಯೇ ಮೇಲ್ಮೈ ಅಲೆ, ಅಂದರೆ 1885ರಲ್ಲಿ ಲಾರ್ಡ್ ರೇಲಿ ವಿವರಿಸಿದ ಅಲೆ, ಜೋರಾಗಿ ಬರುತ್ತದೆ. ಅದರ ವೇಗ ಮೊದಲನೆಯದರ ಅರ್ಧಕ್ಕಿಂತ ತುಸು ಹೆಚ್ಚು: ಅಲ್ಲಿ 4 ಇದ್ದರೆ ಇಲ್ಲಿ ಸುಮಾರು 2.2. ಯಂತ್ರ ಮೊದಲ ಸಂಕೇತವನ್ನು ತಪ್ಪಿಸಿಕೊಂಡು ಹಿಂದೆ ಬಂದದ್ದನ್ನು ಹಿಡಿದರೆ ಒಳ್ಳೆಯ ಕಾಂಕ್ರೀಟೂ ಕೆಟ್ಟದ್ದಾಗಿ ಕಾಣುತ್ತದೆ. ಆದ್ದರಿಂದ ಬರೀ ಅಂಕಿ ಒಪ್ಪಬೇಡಿ, ಪರದೆಯ ಮೇಲಿನ ಅಲೆಯ ಚಿತ್ರವನ್ನೂ ಕೇಳಿ ಪಡೆಯಿರಿ. ಮಷೀನ್ ಮೇಲೆ ಗೂಬೆ ಕೂರಿಸುವ ಮೊದಲು ಅದರ ಜೊತೆ ಬರುವ ರೆಫರೆನ್ಸ್ ಬಾರ್ (ಅಲೆ ಹಾಯಲು ಬೇಕಾದ ಸಮಯ ಮೊದಲೇ ಗೊತ್ತಿರುವ ಸರಳು) ಇಟ್ಟು ನೋಡಲಿ. ನಿಮಿಷದ ಕೆಲಸ.

ಮರು ಅಳತೆಯಲ್ಲಿ ಕಳಿಸುವ ಪ್ರೋಬ್ ಕದಲಬಾರದು. ಇನ್ನೊಂದನ್ನು 10 ಸೆಂ.ಮೀ.ನಂತೆ ಸರಿಸುತ್ತ ದೂರ–ಸಮಯದ ಗೆರೆ ಎಳೆಯಬೇಕು. ಗೆರೆಯ ಓಟವೇ, ಅಂದರೆ ಹೆಚ್ಚಿದ ದೂರವನ್ನು ಹೆಚ್ಚಿದ ಸಮಯದಿಂದ ಭಾಗಿಸಿದರೆ ಬರುವುದೇ, ವೇಗ. ಅದು ನಡುವೆ ಮುರಿದು ಆಮೇಲೆ ವೇಗ ಹೆಚ್ಚಾದರೆ ಮೇಲ್ಪದರ ದುರ್ಬಲ, ಒಳಗೆ ಗಟ್ಟಿ. ಕ್ಯೂರಿಂಗ್‌ಗೆ ನೀರು ಸಾಲದ ಗೋಡೆಗಳಲ್ಲಿ ಹೀಗಾಗಬಹುದು.

ಬಿರುಕಿನ ಆಳವನ್ನೂ ಇದೇ ಪ್ರೋಬ್‌ಗಳಿಂದ ತಿಳಿಯಬಹುದು. ಬಿರುಕಿನ ಎರಡೂ ಬದಿಗೆ 15 ಸೆಂ.ಮೀ. ದೂರದಲ್ಲಿ ಇಡಿ ಅನ್ನಿ. ಬಿರುಕಿಲ್ಲದ ಕಡೆ ಅದೇ 30 ಸೆಂ.ಮೀ.ಗೆ 75 ಮೈಕ್ರೋಸೆಕೆಂಡು ಬೇಕಾಗಿ, ಇಲ್ಲಿ 125 ಬಂದರೆ, ಅಲೆ ಬಿರುಕಿನ ತುದಿ ಸುತ್ತಿ 50 ಸೆಂ.ಮೀ. ಬಂದಿದೆ. ಪೈಥಾಗೊರಸ್ ಲೆಕ್ಕದಲ್ಲಿ ಆಳ 20 ಸೆಂ.ಮೀ. ಬಿರುಕಿನಲ್ಲಿ ನೀರಿದ್ದರೆ ಅಥವಾ ಕಂಬಿ ಅಡ್ಡ ಹಾದಿದ್ದರೆ ಅಲೆಗೆ ಅಡ್ಡದಾರಿ ಸಿಕ್ಕಿ ಆಳ ಕಡಿಮೆ ತೋರುತ್ತದೆ. ಬೇಸ್‌ಮೆಂಟಿನಲ್ಲಿ ನೀರು ಜಿನುಗುವುದು ಸಾಮಾನ್ಯ, ಗೋಡೆ ಒಣಗಿದ ಮೇಲೇ ಅಳೆಸಿ.

ಇನ್ನು ಮೇಲ್ಮೈ ಅಲೆಗಳ ಪರೀಕ್ಷೆ. ಈ ಅಲೆ ಹೆಚ್ಚುಕಡಿಮೆ ತನ್ನ ತರಂಗದೂರದಷ್ಟು (ಒಂದು ಅಲೆಯ ಉದ್ದದಷ್ಟು) ಆಳವನ್ನು ಮುಟ್ಟುತ್ತದೆ: 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 11 ಸೆಂ.ಮೀ., 2 ಕಿಲೋಹರ್ಟ್ಸ್‌ನಲ್ಲಿ ಮೀಟರಿಗೂ ಹೆಚ್ಚು. ಆವರ್ತನ ಬದಲಿಸಿದಂತೆ ಬೇರೆ ಬೇರೆ ಆಳದ ಸ್ಥಿತಿ ತಿಳಿಯುತ್ತದೆ. ರಸ್ತೆ, ದಪ್ಪ ಅಡಿಪಾಯ, ಅಣೆಕಟ್ಟಿನ ಮುಖಕ್ಕೆ ಇದು ಚೆನ್ನ. ನಿಮ್ಮಂಥ ತೆಳು ಗೋಡೆಯಲ್ಲಿ ತರಂಗದೂರ ದಪ್ಪವನ್ನು ಸಮೀಪಿಸುತ್ತಲೇ ಹಿಂಬದಿಯೂ ಅಲುಗಿ ಲೆಕ್ಕ ಗೋಜಲಾಗುತ್ತದೆ. ನನ್ನ ಮಟ್ಟಿಗೆ ಆ ಖರ್ಚು ಬೇಡ.

ಆ ದುಡ್ಡಿನಲ್ಲಿ ಮರು ಅಳತೆಯ ಅತಿ ಕಡಿಮೆ ವೇಗದ ಜಾಗದಿಂದೊಂದು, ಒಳ್ಳೆಯ ಜಾಗದಿಂದೊಂದು ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ಉರುಳೆ ತುಂಡು) ತೆಗೆಸಿ ಲ್ಯಾಬಿನಲ್ಲಿ ಒಡೆಸಿ ನೋಡಿ. ವೇಗವೊಂದರಿಂದಲೇ ಶಕ್ತಿ ಎಷ್ಟೆಂದು ಹೇಳಲಾಗದು. ಕೋರ್ ತೆಗೆಯುವ ಮುನ್ನ ಕಂಬಿ ಎಲ್ಲಿದೆಯೆಂದು ಗುರುತಿಸಿರಲಿ, ತೂತನ್ನು ಕುಗ್ಗದ ಗ್ರೌಟ್‌ನಿಂದ ಅಂದೇ ಮುಚ್ಚಿಸಿ.